ಡ್ಯೂಟಿ ಮುಗಿದ ಮೇಲಿನ ಡ್ಯೂಟಿ

ಕೇಳುಗರಿಗೆ ನಮಸ್ಕಾರ.

ಡಾಕ್ಟರು ಸಿಡುಕುತ್ತಾರೆ, ತಲೆಯೆತ್ತಿ ಮಾತಾಡುವುದಿಲ್ಲ ಎಂಬ ದೂರು ಹಳೆಯದು. ಕೆಲವರ ಸ್ವಭಾವವೇ ಹಾಗಿರಬಹುದು ಬಿಡಿ. ಆದರೆ ಮೊದಲು ಹಾಗಿಲ್ಲದವರು ಈಗ ಹಾಗಾಗಿದ್ದರೆ ಅವರು ಕೆಲಸ ಮಾಡುವ ಜಾಗವನ್ನು ನೋಡಬೇಕು. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಐಸಿಡಿ-11, ಬರ್ನ್‌ಔಟನ್ನು, ಅಂದರೆ ಕೆಲಸದ ಒತ್ತಡದಲ್ಲಿ ಬಸವಳಿದು ಹೋಗುವುದನ್ನು, ಕಾಯಿಲೆ ಎನ್ನುವುದಿಲ್ಲ, ಉದ್ಯೋಗದಿಂದ ಬರುವ ಸ್ಥಿತಿ ಎನ್ನುತ್ತದೆ. ಮೈಮನಸ್ಸಿನ ಬಳಲಿಕೆ, ಕೆಲಸದ ಬಗ್ಗೆ ತಾತ್ಸಾರ, ಮಾಡಿದ್ದೇನೂ ಸಾರ್ಥಕವಾಗುತ್ತಿಲ್ಲ ಎಂಬ ಅನಿಸಿಕೆ, ಈ ಮೂರು ಅದರ ಗುರುತು.

ರೋಗಿಗಳ ಸಾಲು ಉದ್ದವಾಗಿರುವುದು ಒಂದು ಕಾರಣ, ನಿಜ. ಅದಕ್ಕಿಂತ ಹೆಚ್ಚು ಹಿಂಡುವುದು ದಾಖಲೆಯ ಕೆಲಸ. ರೋಗಿಯೊಂದಿಗೆ ಕಳೆಯುವ ಪ್ರತಿ ಒಂದು ಗಂಟೆಗೆ ಸುಮಾರು ಎರಡು ಗಂಟೆ ಕಂಪ್ಯೂಟರ್ ಮತ್ತು ಕಾಗದಪತ್ರಕ್ಕೆ ಹೋಗುತ್ತದೆ ಎಂದು 2016ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಗಡಿಯಾರ ಹಿಡಿದು ಲೆಕ್ಕ ಹಾಕಿತ್ತು. ಒಂದು ರಕ್ತಪರೀಕ್ಷೆ ಬರೆಯುವುದನ್ನೇ ನೋಡಿ. ಲಾಗಿನ್ ಆಗಬೇಕು, ರೋಗಿಯ ಕಡತ ತೆರೆಯಬೇಕು, ಪರೀಕ್ಷೆ ಆರಿಸಬೇಕು, ಕಾರಣ ನಮೂದಿಸಬೇಕು. ನಡುವೆ ಎಚ್ಚರಿಕೆಯ ಕಿಟಕಿಗಳು ಪುಟಿಯುತ್ತವೆ. ಬಹುಪಾಲು ಬೇಡದವೇ ಆದ್ದರಿಂದ ಓದದೆ ಒತ್ತುವುದು ಕೈಗೆ ರೂಢಿಯಾಗುತ್ತದೆ. ನಿಜವಾಗಿ ಬೇಕಾದ ಎಚ್ಚರಿಕೆಯೂ ಅದೇ ಭರದಲ್ಲಿ ಹೋಗಿಬಿಡುತ್ತದೆ. ವರದಿ ಬರುವುದು ಪರೀಕ್ಷೆ ಬರೆದವರ ಇನ್‌ಬಾಕ್ಸಿಗೆ, ಅವರು ರಜೆಯಲ್ಲಿದ್ದರೂ! ರಜೆ ಹಾಕಿದವರ ಇನ್‌ಬಾಕ್ಸ್ ಯಾರು ನೋಡಬೇಕೆಂದು ಹೆಸರು ಬರೆದಿಟ್ಟರೆ ಸಾಕು, ಈ ಹೊರೆ ಒಂದಿಷ್ಟು ಇಳಿಯುತ್ತದೆ. ಎಲ್ಲರೂ ತಳ್ಳಿಹಾಕುವ ಎಚ್ಚರಿಕೆಗಳನ್ನು ಆಗಾಗ ಪರಿಶೀಲಿಸಿ ತೆಗೆದುಹಾಕಬೇಕು.

ಇನ್ನು ರಾತ್ರಿ ಪಾಳಿ. ರೋಸ್ಟರಿನಲ್ಲಿ, ಅಂದರೆ ಪಾಳಿಯ ಪಟ್ಟಿಯಲ್ಲಿ, ಹನ್ನೆರಡು ಗಂಟೆ ಎಂದಿರುತ್ತದೆ; ಹ್ಯಾಂಡೋವರ್‌ಗೆ, ಅಂದರೆ ಮುಂದಿನ ಪಾಳಿಯವರಿಗೆ ರೋಗಿಗಳನ್ನು ಒಪ್ಪಿಸುವುದಕ್ಕೆ, ಸಮಯ ಇಟ್ಟಿರುವುದಿಲ್ಲ. ಹೀಗಾಗಿ ಅದು ಹದಿಮೂರು, ಹದಿನಾಲ್ಕು ಗಂಟೆಯಾಗುತ್ತದೆ. ಪಾಳಿಗೆ ಮುಂಚೆ ಎಚ್ಚರವಿದ್ದ ಹೊತ್ತನ್ನೂ ಇದಕ್ಕೆ ಸೇರಿಸಿ ನೋಡಿ. ಸುಮಾರು ಹದಿನೇಳು ಗಂಟೆ ಎಡೆಬಿಡದೆ ಎಚ್ಚರವಿದ್ದವರ ಚುರುಕುತನ, ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯಸಾರ ಇದ್ದವರ ಮಟ್ಟಕ್ಕೆ ಇಳಿಯುತ್ತದೆ. ಎರಡು ಪಾಳಿಗಳು ಅರ್ಧ ಗಂಟೆ ಕೂಡುವಂತೆ ರೋಸ್ಟರ್ ಬರೆಯಬೇಕು. ಆ ಅರ್ಧ ಗಂಟೆಯಲ್ಲಿ ಯಾರ ಸ್ಥಿತಿ ಗಂಭೀರ, ಯಾವ ಕೆಲಸ ಬಾಕಿ, ಹದಗೆಟ್ಟರೆ ಏನು ಮಾಡಬೇಕು ಎಂದು ಹೇಳಬೇಕು; ಕೇಳಿಸಿಕೊಂಡವರು ಅದನ್ನು ತಿರುಗಿ ಹೇಳಬೇಕು. ಹೀಗೆ ಮಾಡಿದರೆ ಮನೆಗೆ ಹೋದವರಿಗೆ ಮಲಗಿದ ಮೇಲೆ ಫೋನ್ ಬರುವುದು ತಪ್ಪುತ್ತದೆ.

ಜವಾಬ್ದಾರಿ ಇದ್ದು ಅಧಿಕಾರ ಇಲ್ಲದಿರುವುದು ಇನ್ನೂ ಕಷ್ಟ. ಹಾಸಿಗೆ ಖಾಲಿಯಿಲ್ಲ, ಸ್ಕ್ಯಾನ್ ಯಂತ್ರ ರಿಪೇರಿಯಲ್ಲಿದೆ. ಬೈಗುಳ ಮಾತ್ರ ಎದುರಿಗಿರುವ ವೈದ್ಯರಿಗೆ. ಸರಿಯಾದ ಚಿಕಿತ್ಸೆ ಯಾವುದೆಂದು ಗೊತ್ತಿದ್ದೂ ಕೊಡಲಾಗದ ಸಂಕಟ, ನಿದ್ದೆ ಮಾಡಿದರೆ ಹೋಗುವಂಥದ್ದಲ್ಲ.

ಇಷ್ಟಾದ ಮೇಲೆ ಆಡಳಿತದವರು ಧ್ಯಾನ ಶಿಬಿರ ಇಡುತ್ತಾರೆ, ಅದೂ ಊಟದ ವಿರಾಮದಲ್ಲಿ. ಧ್ಯಾನ ಕೆಟ್ಟದ್ದೇನಲ್ಲ, ಆದರೆ ಊಟ ತಪ್ಪಿತಲ್ಲ! ಅದರ ಬದಲು, ಡ್ಯೂಟಿ ಮುಗಿದ ಮೇಲೆ ಯಾರು ಎಷ್ಟು ಹೊತ್ತು ಲಾಗಿನ್ ಆಗಿದ್ದರು ಎಂಬುದನ್ನು ತಿಂಗಳಿಗೊಮ್ಮೆ ತೆಗೆದು ನೋಡಲಿ. ಆ ಲೆಕ್ಕ ಆಸ್ಪತ್ರೆಯ ಕಂಪ್ಯೂಟರಿನಲ್ಲೇ ಇರುತ್ತದೆ. ಅದು ರೋಸ್ಟರ್ ಬರೆಯುವವರ ಮೇಜಿಗೆ ಹೋಗಲಿ, ವೈದ್ಯರಿಗೆ ನೋಟಿಸ್ ಕೊಡುವವರ ಮೇಜಿಗಲ್ಲ.

ನಮಸ್ಕಾರ.