ಎರಡು ಊಟಗಳ ನಡುವಿನ ಹಸಿವು

ಕೇಳುಗರೆಲ್ಲರಿಗೂ ನಮಸ್ಕಾರ.

"ನಮ್ಮ ಮಗು ಊಟಾನೇ ಮಾಡಲ್ಲ" ಎಂದು ಯಾರಾದರೂ ಬೇಸರಪಟ್ಟರೆ, ನಾನು ಮೊದಲು ಕೇಳುವುದು ಒಂದೇ: ಊಟಕ್ಕೆ ಕುಳಿತುಕೊಳ್ಳುವ ಮುಂಚಿನ ಒಂದು ಗಂಟೆಯಲ್ಲಿ ಮಗುವಿನ ಕೈಯಲ್ಲಿ ಏನಿತ್ತು?

ಎರಡು ಮೂರು ವರ್ಷದ ಮಗುವಿಗೆ ದಿನಕ್ಕೆ ಸುಮಾರು 1000ದಿಂದ 1400 ಕ್ಯಾಲೊರಿ ಬೇಕು. ನಾಲ್ಕರಿಂದ ಎಂಟರವರೆಗೆ 1200ರಿಂದ 2000. ಎಷ್ಟು ಓಡಾಡುತ್ತದೆ, ಎಷ್ಟು ಬೆಳೆಯುತ್ತಿದೆ ಎನ್ನುವುದರ ಮೇಲೆ ಈ ಲೆಕ್ಕ ಹಿಗ್ಗುತ್ತದೆ, ಕುಗ್ಗುತ್ತದೆ. ತೂಕದ ಪ್ರತಿ ಕಿಲೋಗೆ ಹೋಲಿಸಿದರೆ ಪುಟ್ಟ ಮಕ್ಕಳಿಗೆ ದೊಡ್ಡವರಿಗಿಂತ ಹೆಚ್ಚುಕಡಿಮೆ ಎರಡರಷ್ಟು ಶಕ್ತಿ ಬೇಕು. ಐದು ವರ್ಷದ ಮಗು ಸುಮ್ಮನೆ ಮಲಗಿದ್ದರೂ ಅದರ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಮೆದುಳೇ ಬಳಸುತ್ತದೆ! ಹೊಟ್ಟೆಯೋ, ಪುಟ್ಟದು. ಮೂರು ಊಟದಲ್ಲಿ ಇಷ್ಟೆಲ್ಲ ಹಿಡಿಸುವುದಿಲ್ಲ. ಅದಕ್ಕೇ ನಡುವೆ ಒಂದೆರಡು ಸಲ ತಿಂಡಿ ಬೇಕು. ಅದು ಬಹುಮಾನವೂ ಅಲ್ಲ, ಸಮಾಧಾನದ ಲಂಚವೂ ಅಲ್ಲ. ಅದೊಂದು ಸಣ್ಣ ಊಟ.

ಒಂದು ಬಾಳೆಹಣ್ಣು, ಒಂದು ಲೋಟ ಹಾಲು ಕೊಟ್ಟರೆ 200 ಕ್ಯಾಲೊರಿಗಿಂತ ಸ್ವಲ್ಪ ಹೆಚ್ಚೇ ಸಿಗುತ್ತದೆ. ಜೊತೆಗೆ ಪ್ರೋಟೀನು, ಕ್ಯಾಲ್ಸಿಯಂ, ನಾರು. 330 ಮಿಲಿಲೀಟರಿನ ತಂಪು ಪಾನೀಯದ ಡಬ್ಬಿಯಲ್ಲಿ ಸುಮಾರು 140 ಕ್ಯಾಲೊರಿ. ಅದಷ್ಟೂ ಸಕ್ಕರೆ, ಸುಮಾರು 35 ಗ್ರಾಂ. ದಿನದ ಶಕ್ತಿಯಲ್ಲಿ ಇಂಥ ಸಕ್ಕರೆಯ ಪಾಲು ಶೇಕಡಾ 10 ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 1400 ಕ್ಯಾಲೊರಿ ಬೇಕಾದ ಮಗುವಿಗೆ ಆ ಮಿತಿ ಸರಿಯಾಗಿ 35 ಗ್ರಾಂ. ಒಂದು ಡಬ್ಬಿಗೇ ಇಡೀ ದಿನದ್ದು ಮುಗಿದುಹೋಯಿತು. ಹಸಿವು ಮಾತ್ರ ಸತ್ತಿರುತ್ತದೆ.

ಕೊಬ್ಬಿಗೆ ಹೆದರುವವರಿಗೆ ಒಂದು ಮಾತು. ಒಂದು ಗ್ರಾಂ ಪಿಷ್ಟದಲ್ಲಿ 4 ಕ್ಯಾಲೊರಿ ಇದ್ದರೆ ಕೊಬ್ಬಿನಲ್ಲಿ 9. ಎರಡೇ ತುತ್ತಿಗೆ ಮುಖ ತಿರುಗಿಸುವ ಮಗುವಿಗೆ ಮೊಟ್ಟೆ, ಮೊಸರು, ನೆಲಗಡಲೆಯಂಥವು ಅದಕ್ಕೇ ಒದಗಿಬರುತ್ತವೆ. ಆದರೆ ಐದು ವರ್ಷದೊಳಗಿನವರಿಗೆ ಇಡೀ ಕಾಳು ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ; ನುಣ್ಣಗೆ ಅರೆದು ಕೊಡಿ.

ಏನು ಬಡಿಸಬೇಕು, ಯಾವಾಗ ಬಡಿಸಬೇಕು ಎನ್ನುವುದು ನಮ್ಮ ಕೈಯಲ್ಲಿರಲಿ. ಎಷ್ಟು ತಿನ್ನಬೇಕು ಎನ್ನುವುದನ್ನು ಮಗುವಿಗೇ ಬಿಡಿ. ಒಂದು ಹೊತ್ತು ಕಡಿಮೆ ತಿಂದ ಮಗು ಮುಂದಿನ ಹೊತ್ತಿಗೆ ತಾನಾಗಿಯೇ ಸರಿದೂಗಿಸಿಕೊಳ್ಳುವುದುಂಟು. ಹೊಸ ತರಕಾರಿಯನ್ನು ಒಪ್ಪಿಕೊಳ್ಳಲು ಎಂಟು ಹತ್ತು ಸಲ ತಟ್ಟೆಯಲ್ಲಿ ಕಾಣಬೇಕಾದೀತು. ಒತ್ತಾಯ ಮಾಡಿ ತುರುಕಿದರೆ ಆ ತರಕಾರಿಯ ಮೇಲೆ ಉಳಿಯುವುದು ದ್ವೇಷ ಮಾತ್ರ.

ತಟ್ಟೆಯಲ್ಲಿ ಉಳಿದ ತುತ್ತು ಎಣಿಸಿ ಕೊರಗಬೇಡಿ. ಎತ್ತರ, ತೂಕ ಬರೆದಿಡುವ ಬೆಳವಣಿಗೆಯ ನಕ್ಷೆ ನೋಡಿ. ಅದರಲ್ಲಿ ಗೆರೆ ಕೆಳಗೆ ಬಾಗತೊಡಗಿದರೆ, ಅಥವಾ ಇದ್ದಕ್ಕಿದ್ದಂತೆ ಮೇಲೇರಿದರೆ, ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ.

ನಮಸ್ಕಾರ.