ಒಂಟಿ ಸೀಟಿನ ಯೆಜ್ಡಿ

ಕೇಳುಗರಿಗೆ ನಮಸ್ಕಾರ.

ಧಾರವಾಡದಿಂದ ಪುಣೆಗೆ ಬರುವಾಗ ನಾನು ತಂದ ಸಾಮಾನಿನಲ್ಲಿ ಈಗ ಉಳಿದಿರುವುದು ಎರಡೇ ಎರಡು. ಒಂದು, ಅವ್ವ ಕೊಟ್ಟ ರೊಟ್ಟಿ ಹಂಚು. ಇನ್ನೊಂದು, ಅಪ್ಪನ 1991ರ ಯೆಜ್ಡಿ ರೋಡ್‌ಕಿಂಗ್. ಹಂಚಿನ ತಂಟೆಗೆ ನಾನು ಹೋಗಿಲ್ಲ. ಯೆಜ್ಡಿಯನ್ನು ಮಾತ್ರ ಸುಮ್ಮನೆ ಬಿಡಲಾಗಲಿಲ್ಲ. ಕಳೆದ ವರ್ಷ ಅದರ ಉದ್ದನೆಯ ಸೀಟನ್ನು ಇಳಿಸಿ, ಒಬ್ಬರೇ ಕೂರುವಂಥ, ಹಿಂತುದಿಯಲ್ಲಿ ಸಣ್ಣ ಡುಬ್ಬವಿರುವ ಕೆಫೆ ರೇಸರ್ ಸೀಟನ್ನು ಕೂರಿಸಿದೆ. ಆ ಉಸಾಬರಿಯ ಕಥೆಯನ್ನು ಇಂದು ನಿಮ್ಮ ಮುಂದೆ ಹೇಳುತ್ತೇನೆ.

ಕೆಫೆ ರೇಸರ್ ಎಂಬ ಹೆಸರು ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಲಂಡನ್ನಿನ ನಾರ್ತ್ ಸರ್ಕ್ಯುಲರ್ ರಸ್ತೆಯಲ್ಲಿ ಏಸ್ ಕೆಫೆ ಎಂಬ ಚಹಾದಂಗಡಿ ಇದೆ. 1938ರಲ್ಲಿ ಅದನ್ನು ತೆರೆದದ್ದು ಲಾರಿ ಚಾಲಕರಿಗಾಗಿ. 1950 ಮತ್ತು 60ರ ದಶಕಗಳಲ್ಲಿ ಅಲ್ಲಿ ಬೈಕಿನ ಹುಡುಗರು ಜಮಾಯಿಸತೊಡಗಿದರು. ಗಂಟೆಗೆ 100 ಮೈಲಿ, ಅಂದರೆ 160 ಕಿಲೋಮೀಟರ್ ವೇಗ ಮುಟ್ಟಬೇಕೆಂಬುದು ಅವರ ಹುಚ್ಚು. ರೇಸಿನ ಗಾಡಿಗಳನ್ನು ನೋಡಿ ಅವರು ಹ್ಯಾಂಡಲ್ ತಗ್ಗಿಸಿದರು, ಕಾಲಿಡುವ ಪೆಗ್ಗುಗಳನ್ನು ಹಿಂದಕ್ಕೆ ಸರಿಸಿದರು, ಹಿಂಬದಿ ಸವಾರನ ಜಾಗವನ್ನು ತೆಗೆದೇ ಹಾಕಿದರು. ಆ ಡುಬ್ಬ ಬರೀ ಚೆಂದಕ್ಕಲ್ಲ. ಗಾಡಿ ಮುಂದಕ್ಕೆ ಚಿಮ್ಮಿದಾಗ ಸವಾರ ಹಿಂದಕ್ಕೆ ಜಾರದಂತೆ ಸೊಂಟವನ್ನು ತಡೆದು ಹಿಡಿಯುತ್ತದೆ. ನನ್ನ ಯೆಜ್ಡಿ 100 ಮೈಲಿಯನ್ನು ಕನಸಿನಲ್ಲಿಯೂ ಕಂಡದ್ದಲ್ಲ. ಆದರೂ ಆಸೆ ಯಾರಪ್ಪನ ಮನೆಯದು?

ಕೆಫೆಯ ಮಟ್ಟಿಗಾದರೆ ನನ್ನ ಗಾಡಿಗೆ ಯಾರೂ ತಕರಾರು ತೆಗೆಯುವಂತಿಲ್ಲ. ಯೆಜ್ಡಿ ಹುಟ್ಟಿದ್ದು ನಮ್ಮ ಮೈಸೂರಿನಲ್ಲಿ, ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ. ಮೊದಲು ಜೆಕ್ ದೇಶದ ಜಾವಾ ಹೆಸರಿನಲ್ಲಿ ಬಂದ ಗಾಡಿಗಳು 1970ರ ದಶಕದಲ್ಲಿ ಯೆಜ್ಡಿಯಾದವು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಅದನ್ನು ಕಟ್ಟಿದ್ದು ಇರಾನಿ ಮನೆತನದವರು. ಇರಾನಿನ ಯಜ್ದ್ ಎಂಬ ಊರಿನ ನೆನಪು ಯೆಜ್ಡಿ ಎಂಬ ಹೆಸರಿನಲ್ಲಿದೆ. ಮುಂಬೈ, ಪುಣೆಗಳ ಇರಾನಿ ಕೆಫೆಗಳನ್ನು ನಡೆಸಿದವರಲ್ಲಿ ಬಹಳಷ್ಟು ಮಂದಿಯ ಮೂಲವೂ ಅದೇ ಯಜ್ದ್ ಸೀಮೆ. ಹಾಗಾಗಿ ಫರ್ಗ್ಯುಸನ್ ಕಾಲೇಜು ರಸ್ತೆಯಲ್ಲಿ 1935ರಿಂದ ಇರುವ ಗುಡ್‌ಲಕ್ ಕೆಫೆಯ ಮುಂದೆ ಯೆಜ್ಡಿಯನ್ನು ನಿಲ್ಲಿಸಿ ಬನ್ ಮಸ್ಕಾ ತಿಂದು ಬಂದರೆ ಅದು ಬೀಗರ ಮನೆಗೆ ಹೋಗಿ ಬಂದಂತೆಯೇ. ರೇಸರ್ ಎಂಬ ಮಾತೊಂದು ಬಾಕಿ ಉಳಿಯುತ್ತದೆ, ಅದನ್ನು ಕೇಳಬೇಡಿ.

ಪುಣೆಯಲ್ಲಿ ದ್ವಿಚಕ್ರ ವಾಹನದ ಬಿಡಿಭಾಗ ಬೇಕೆಂದರೆ ಎಲ್ಲರೂ ನಾನಾ ಪೇಠೆಯ ದಾರಿ ತೋರಿಸುತ್ತಾರೆ. ನಾನೂ ಹೋದೆ. ಒಂದು ಅಂಗಡಿಯಲ್ಲಿ ‘ಎಲ್ಲ ಗಾಡಿಗೂ ಹೊಂದುತ್ತದೆ’ ಎಂದು ಹೇಳಿ ಒಂದು ಫೈಬರ್ ಸೀಟು ಕೊಟ್ಟರು. ಎಲ್ಲ ಗಾಡಿಗೂ ಹೊಂದುವುದು ಯಾವ ಗಾಡಿಗೂ ಹೊಂದುವುದಿಲ್ಲ ಎಂದು ಮನೆಗೆ ಬಂದ ಮೇಲೆ ತಿಳಿಯಿತು. ನನ್ನ ಫ್ರೇಮಿನ ಎರಡು ಕೊಳವೆಗಳ ಆಚೆ ಈಚೆ ಅದು ಮೂರು ಮೂರು ಬೆರಳು ಚಾಚಿಕೊಂಡಿತ್ತು, ಚಿಕ್ಕಪ್ಪನ ಅಂಗಿ ತೊಟ್ಟ ಹುಡುಗನ ಹಾಗೆ. ಅದನ್ನು ಒಂದು ಗ್ಯಾರೇಜಿಗೆ ಒಯ್ದೆ. ಅಲ್ಲಿನವನು ಗಾಡಿಯ ಹಿಂಭಾಗವನ್ನು ಅರೆಗಳಿಗೆ ನೋಡಿ, ಫ್ರೇಮಿನ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದು, ‘ಇಲ್ಲಿಂದ ಕತ್ತರಿಸಿಬಿಡೋಣ’ ಎಂದ. ಗ್ರೈಂಡರಿನ ತಂತಿ ಪ್ಲಗ್ಗಿನಲ್ಲಿಯೇ ಇತ್ತು. ಗಾಡಿಯನ್ನು ತಳ್ಳಿಕೊಂಡು ಹೊರಗೆ ಬಂದೆ. ಗಾಬರಿಯಲ್ಲಿ ಸ್ಟಾರ್ಟ್ ಮಾಡುವುದೂ ನೆನಪಾಗಲಿಲ್ಲ.

ಹಿಂಭಾಗ ಕತ್ತರಿಸಿ, ಯು ಆಕಾರದ ಕೊಳವೆ ಬೆಸೆದರೆ ನೋಟ ಚೊಕ್ಕಟವಾಗುತ್ತದೆ, ನಿಜ. ಒಳಗೊಂದು ಗಟ್ಟಿ ಸರಳು ತೂರಿಸಿ, ಬ್ಯಾಟರಿ ಬಿಚ್ಚಿಟ್ಟು, ಬಲ್ಲವರು ಬೆಸೆದರೆ ಅದು ನಿಲ್ಲುತ್ತದೆ. ಆದರೆ ಕತ್ತರಿಸಿದ್ದನ್ನು ಯಾರೂ ಮೊದಲಿನಂತೆ ಮಾಡಿಕೊಡಲಾರರು. ಕಾನೂನಿನ ಮಾತೂ ಇದೆ. ನೋಂದಣಿ ಪತ್ರದಲ್ಲಿ ಬರೆದ ವಿವರಕ್ಕೂ ತಯಾರಕರ ಮೂಲ ವಿವರಕ್ಕೂ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಿಸಬಾರದು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿ ಹಿಡಿಯಿತು. ನನ್ನ ಪತ್ರದಲ್ಲಿ ಆಸನ ಎರಡು ಎಂದಿದೆ. ಒಂಟಿ ಸೀಟಿನಲ್ಲಿ ತಿರುಗುವುದೆಂದರೆ ಬೇಲಿಯ ಮೇಲೆ ನಡೆದಂತೆ. ಆದ್ದರಿಂದ ನಾನು ನನಗೇ ಒಂದು ಕಟ್ಟಳೆ ಹಾಕಿಕೊಂಡೆ: ಫ್ರೇಮಿಗೆ ಗರಗಸ ತಾಗಬಾರದು, ಬೆಸುಗೆಯ ಕಿಡಿ ಹಾರಬಾರದು. ಬಿಚ್ಚಿದ ಪ್ರತಿಯೊಂದೂ ಅದೇ ಬೋಲ್ಟಿನಲ್ಲಿ ಮತ್ತೆ ಕೂರಬೇಕು.

ಹಾಗಾದರೆ ಸೀಟಿನ ತಳವನ್ನು ಗಾಡಿಯ ಮೇಲೆಯೇ ಎರಕ ಹೊಯ್ಯಬೇಕು. ಫ್ರೇಮಿನ ಮೇಲೆ ರಟ್ಟು ಜೋಡಿಸಿ, ಅದಕ್ಕೆ ಅಂಟುಪಟ್ಟಿ ಸುತ್ತಿ, ಮೇಣ ಸವರಿ, ಅದರ ಮೇಲೆ ಫೈಬರ್‌ಗ್ಲಾಸ್ ಹಾಸನ್ನು ನಾಲ್ಕು ಪದರ ರಾಳದಲ್ಲಿ ನೆನೆಸಿ ಒತ್ತಿದೆ. 100 ಗ್ರಾಂ ರಾಳಕ್ಕೆ ಗಟ್ಟಿಕಾರಕ ದ್ರವ 1ರಿಂದ 2 ಗ್ರಾಂ ಸಾಕು. ಮೊದಲ ದಿನ ನಾನು ಸಾರಿಗೆ ಉಪ್ಪು ಹಾಕಿದಂತೆ ಕಣ್ಣಳತೆಯಲ್ಲಿ ಸುರಿದೆ. ಐದೇ ನಿಮಿಷದಲ್ಲಿ ಮಗ್ಗು ಕೈಸುಡುವಷ್ಟು ಕಾದು, ಹೊಗೆಯಾಡಿ, ತಳ ಸೊಟ್ಟಗಾಯಿತು. ಒಳಗಿನ ರಾಳ ಕಲ್ಲಾಗಿ ಕೂತಿತು. ಸ್ನಾನದ ಮನೆಯ ಮಗ್ಗದು. ಅಂದಿನಿಂದ ಅಡುಗೆಮನೆಯ ತಕ್ಕಡಿ ಮುಟ್ಟಲೂ ನಾನು ಅನುಮತಿ ಕೇಳುವ ಪರಿಸ್ಥಿತಿ ಬಂತು.

ತಳ ಒಣಗಿತು. ಮೂಲ ಮಡ್‌ಗಾರ್ಡ್ ಬಿಚ್ಚಿ ಗಿಡ್ಡನೆಯದೊಂದನ್ನು ಸೀಟಿನ ಅಡಿಗೆ ಹಾಕಿದ್ದೆ. ಈಗ ಇರುವ ಪ್ರಶ್ನೆ ಒಂದೇ: ಗುಂಡಿಗೆ ಬಿದ್ದಾಗ ಹಿಂದಿನ ಚಕ್ರ ಮೇಲೆದ್ದು ಅದಕ್ಕೆ ಬಡಿಯುತ್ತದೆಯೇ? ಅಂಗಳದಲ್ಲಿ ನಿಂತ ಗಾಡಿಯಲ್ಲಿ ನಾಲ್ಕು ಬೆರಳು ಸಂದು ಕಂಡರೆ ಮರುಳಾಗಬಾರದು. ಶಾಕ್ ಅಬ್ಸಾರ್ಬರಿನ ಸ್ಪ್ರಿಂಗುಗಳನ್ನು ತೆಗೆದು, ಬರಿಯ ಶಾಕ್‌ಗಳನ್ನು ಮತ್ತೆ ಸಿಕ್ಕಿಸಿ, ಚಕ್ರವನ್ನು ಅದು ಹೋಗುವಷ್ಟು ಮೇಲಕ್ಕೆ ಎತ್ತಿ ನೋಡಬೇಕು. ಮಡ್‌ಗಾರ್ಡಿನ ಒಳಮೈಗೆ ಚಪಾತಿಯ ಕಣಕವನ್ನು ದಪ್ಪಗೆ ಮೆತ್ತಿ ಚಕ್ರ ಎತ್ತಿದೆ. ಜೋಳದ ಹಿಟ್ಟು ಬಿರಿಯುತ್ತದೆ, ಈ ಕೆಲಸಕ್ಕೆ ಗೋದಿಯೇ ಸರಿ. ಇಳಿಸಿ ನೋಡಿದರೆ ಕಣಕದ ಮೇಲೆ ಟಯರಿನ ಗುರುತು ಅಚ್ಚುಕಟ್ಟಾಗಿ ಮೂಡಿತ್ತು. ನಡುವೆ ಉಳಿದಿದ್ದು ಒಂದು ಬೆರಳಿನಷ್ಟು ಹಿಟ್ಟು ಮಾತ್ರ. ಸಾಲದು. ಸೀಟಿನ ಕೆಳಗಿನ ರಬ್ಬರ್ ಬುಷ್‌ಗಳನ್ನು ದಪ್ಪ ಮಾಡಿ ಇನ್ನೊಂದು ಬೆರಳು ಎತ್ತರಿಸಿದೆ. ‘ಆ ಕಣಕವನ್ನು ಮತ್ತೆ ಬೋಗುಣಿಗೆ ತರಬೇಡಿ’ ಎಂದು ಹೆಂಡತಿ ಕಿಟಕಿಯಿಂದಲೇ ಹೇಳಿದಳು.

ಹೊಲಿಗೆಯವರು ಸಿಕ್ಕಿದ್ದು ನಾನಾ ಪೇಠೆಯ ಒಳಗಲ್ಲಿಯಲ್ಲಿ. ನನ್ನ ಎರಡು ವಾಕ್ಯ ಕೇಳಿ, ‘ನಿಮ್ಮ ಮರಾಠಿ ಧಾರವಾಡದ್ದು’ ಎಂದು ಕನ್ನಡದಲ್ಲಿಯೇ ನಕ್ಕರು. ಇಂಡಿ ತಾಲೂಕಿನವರು. ಸೀಟಿನ ಚಿತ್ರ ಅವರಿಗೆ ಬೇಡವಾಗಿತ್ತು. ತಳದ ಮೇಲೆ ಗಟ್ಟಿಯಾದ ರೀಬಾಂಡ್ ಸ್ಪಂಜನ್ನಿಟ್ಟು ‘ಕೂರಿ’ ಎಂದರು. ಕೂತೆ. ‘ಆಫೀಸಿನಲ್ಲಿ ಕೂತಂತಲ್ಲ, ಹ್ಯಾಂಡಲ್ ಹಿಡಿದು ಕೂರಿ.’ ಮುಂದಕ್ಕೆ ಬಾಗಿದೆ. ನನ್ನ ಎರಡೂ ತೊಡೆಗಳ ಪಕ್ಕ ಸುಣ್ಣದ ಗೆರೆ ಎಳೆದು, ಹ್ಯಾಕ್ಸಾ ಬ್ಲೇಡಿನಿಂದ ಮುಂಭಾಗವನ್ನು ಇಳಿಜಾರಾಗಿ ಕೆತ್ತಿದರು. ಕೆಳಗೆ 25 ಮಿಲಿಮೀಟರ್ ಗಟ್ಟಿ ಸ್ಪಂಜು, ಮೇಲೆ 20 ಮಿಲಿಮೀಟರ್ ಮೆದು. ಇನ್ನಷ್ಟು ಮೆತ್ತಗೆ ಮಾಡಿ ಎಂದೆ. ‘ಮೆತ್ತಗಿದ್ದರೆ ಅಂಗಡಿಯಲ್ಲಿ ಸುಖ, ಸಾತಾರಾ ಮುಟ್ಟುವಷ್ಟರಲ್ಲಿ ತಳದ ಫೈಬರ್ ಮೂಳೆಗೆ ಹತ್ತುತ್ತದೆ’ ಎಂದರು. ರೆಕ್ಸಿನ್ ಹೊದಿಸುವ ಮೊದಲು ಸ್ಪಂಜಿಗೆ ತೆಳು ಪ್ಲಾಸ್ಟಿಕ್ ಸುತ್ತಿದರು. ಮಳೆ ನೀರು ಹೊಲಿಗೆಯ ತೂತಿನಿಂದ ಇಳಿಯುತ್ತದೆ. ಒಮ್ಮೆ ಕುಡಿದ ಸ್ಪಂಜು ಪುಣೆಯ ಜುಲೈಯಲ್ಲಿ ಒಣಗುವುದಿಲ್ಲ.

ಪೆಗ್ಗುಗಳನ್ನು ಹಿಂದಕ್ಕೆ ಸರಿಸಲಿಲ್ಲ. ಯೆಜ್ಡಿ ಬಲ್ಲವರಿಗೆ ಕಾರಣ ಗೊತ್ತು. ಕಿಕ್ಕರೂ ಗೇರೂ ಒಂದೇ ಲಿವರ್, ಅದೂ ಎಡಗಡೆ. ಅದಕ್ಕೆ ಸರಳು ಕಟ್ಟಿ ಹಿಂದಕ್ಕೆ ಎಳೆದರೆ ಗೇರು ಬೀಳಬಹುದು, ಗಾಡಿ ಸ್ಟಾರ್ಟ್ ಆಗುವುದು ಅನುಮಾನ. ಹ್ಯಾಂಡಲ್ಲನ್ನು ಸ್ವಲ್ಪ ತಗ್ಗಿಸಿ ಸುಮ್ಮನಾದೆ. ಖಂಬಾಟ್ಕಿ ಘಾಟಿನವರೆಗೆ ಹೋಗಿ ಬಂದಾಗ ಬೆನ್ನು ತಕರಾರು ಮಾಡಲಿಲ್ಲ, ಮುಂಗೈ ಮಾಡಿತು. ಆದರೆ ಟ್ಯಾಂಕಿನ ಅಡಿಗೆರೆಯೂ ಸೀಟಿನ ಗೆರೆಯೂ ಒಂದೇ ಎಳೆಯಲ್ಲಿ ಕೂಡಿರುವುದನ್ನು ಚಹಾ ಹೀರುತ್ತಾ ದೂರದಿಂದ ನೋಡಿದಾಗ ಮುಂಗೈ ಮರೆತುಹೋಯಿತು.

ದೀಪಾವಳಿಗೆ ಅಪ್ಪ ಬಂದರು. ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಡುಬ್ಬದ ಮೇಲೆ ಬೆರಳಿನಿಂದ ಎರಡು ಸಲ ಕುಟ್ಟಿ, ‘ಚೀಲ ಎಲ್ಲಿಡುತ್ತೀ?’ ಎಂದು ಕೇಳಿದರು. ಅಷ್ಟೇ. ಹಳೆಯ ಸೀಟು ಬಾಲ್ಕನಿಯ ಗೋಡೆಗೆ ನೇತುಹಾಕಿತ್ತು. 13ರ ಸ್ಪ್ಯಾನರ್, ಹಿಂದೆ ಎರಡು ಬೋಲ್ಟು, ಮುಂದೆ ಒಂದು ಕೊಂಡಿ. ಹನ್ನೊಂದು ನಿಮಿಷದಲ್ಲಿ ಹಳೆಯ ಸೀಟು ತನ್ನ ಜಾಗಕ್ಕೆ ಬಂತು. ನಡುವೆ ಅಡ್ಡಲಾಗಿ ಹಿಡಿದುಕೊಳ್ಳುವ ಪಟ್ಟಿ ಇರುವ ಅದೇ ಸೀಟು. ಮಂಡಈ ಮಾರುಕಟ್ಟೆಗೆ ಹೋಗಿ ತರಕಾರಿ ತರೋಣವೆಂದು ಹೊರಟೆವು. ನಾನು ಮುಂದೆ, ಅಪ್ಪ ಹಿಂದೆ. ಅವರ ಸ್ವಂತ ಗಾಡಿಯಲ್ಲಿ ಅವರು ಹಿಂದೆ ಕೂತದ್ದು ಅದೇ ಮೊದಲು. ಕೈ ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ನನ್ನ ಹೆಗಲು, ಒಮ್ಮೆ ತಮ್ಮ ಮೊಣಕಾಲು ಹಿಡಿದರು. ಪಟ್ಟಿ ಹಿಡಿದುಕೊಳ್ಳಿ ಎಂದೆ. ಲಕ್ಷ್ಮೀ ರಸ್ತೆಯ ತಿರುವಿನಲ್ಲಿ ಅವರ ದನಿ ಕಿವಿಯ ಹತ್ತಿರ ಬಂತು. ‘ಇದು ಇಷ್ಟು ಸಡಿಲ ಇದೆಯೇನೋ? ಇಷ್ಟು ವರ್ಷ ನಿನ್ನ ಅವ್ವ ಒಂದು ಮಾತೂ ಹೇಳಲಿಲ್ಲ.’