ಸಂದರ್ಶನಕ್ಕೆ ಮುಂಚಿನ ಮಾತು

ಆತ್ಮೀಯ ವಿದ್ಯಾರ್ಥಿ ಮಿತ್ರರೇ,

ಧಾರವಾಡದಲ್ಲಿ ಕುಳಿತು ಸಂದರ್ಶನಕ್ಕೆ ತಜ್ಞರು ಸಿಗುವುದಿಲ್ಲ ಎಂದು ದೂರುವುದು ಕಷ್ಟ. ಊರಿನಲ್ಲೇ ಕರ್ನಾಟಕ ವಿಶ್ವವಿದ್ಯಾಲಯವಿದೆ, 1986ರಲ್ಲಿ ಸ್ಥಾಪನೆಯಾದ ಕೃಷಿ ವಿಶ್ವವಿದ್ಯಾಲಯವಿದೆ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ, ಗದಗಿನಲ್ಲಿ ಸಂಗೀತ ಕಲಿಸುವ ವೀರೇಶ್ವರ ಪುಣ್ಯಾಶ್ರಮ ಇವೆ. ಆದರೂ ಯೋಜನೆ ಕೈಗೆತ್ತಿಕೊಂಡವರು ವಾರ ಕಳೆಯುವುದರೊಳಗೆ ಬಂದು ಹೇಳುವ ಮಾತು ಒಂದೇ: "ಸರ್, ಅವ್ರು ಟೈಮ್ ಇಲ್ಲ ಅಂದ್ರು." ವೇಳೆ ಇಲ್ಲ ಎನ್ನುವುದು ನಮ್ಮ ಕಡೆ ಯಾರನ್ನೂ ನೋಯಿಸದೆ ಬಾಗಿಲು ಮುಚ್ಚುವ ಬಗೆ. ಇವನಿಗೆ ಏನು ಬೇಕು, ನನ್ನ ಮಾತನ್ನು ತೆಗೆದುಕೊಂಡು ಹೋಗಿ ಏನು ಮಾಡುತ್ತಾನೆ ಎಂಬುದು ತಿಳಿಯದಾಗ ಯಾರೇ ಆಗಲಿ ವೇಳೆ ಇಲ್ಲ ಎಂದೇ ಹೇಳುತ್ತಾರೆ.

ಈ ತಪ್ಪನ್ನು ನಾನೂ ಮಾಡಿದ್ದೇನೆ. ನನ್ನ ಮೊದಲ ಯೋಜನೆಗೆ ಒಂದೇ ಪತ್ರವನ್ನು ಹನ್ನೊಂದು ಜನರಿಗೆ ಕಳಿಸಿದ್ದೆ. "ತಮ್ಮ ಅಪಾರ ಅನುಭವವನ್ನು ಹಂಚಿಕೊಳ್ಳಬೇಕು" ಎಂದು ಬರೆದಿದ್ದ ಆ ಪತ್ರದಲ್ಲಿ ಒಬ್ಬರ ಹೆಸರಿನ ಜಾಗದಲ್ಲಿ ಇನ್ನೊಬ್ಬರ ಹೆಸರು ಉಳಿದುಹೋಗಿತ್ತು. ಹತ್ತು ಜನ ಉತ್ತರಿಸಲಿಲ್ಲ. ಹೆಸರು ತಪ್ಪಿದ್ದ ಆ ಹಿರಿಯರು ಮಾತ್ರ ಉತ್ತರ ಬರೆದರು, ಪತ್ರವನ್ನು ಸರಿಯಾದ ವಿಳಾಸಕ್ಕೆ ಕಳಿಸಿ ಎಂದು.

ಆಗಿನಿಂದ ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ: ಆ ವ್ಯಕ್ತಿಯನ್ನಲ್ಲದೆ ಬೇರೆ ಯಾರನ್ನೂ ಕೇಳಲಾಗದ ಒಂದು ಪ್ರಶ್ನೆ ಸಿಗುವ ತನಕ ಪತ್ರ ಬರೆಯುವುದಿಲ್ಲ, ಫೋನ್ ಮಾಡುವುದಿಲ್ಲ. ಕಸೂತಿಯನ್ನೇ ತೆಗೆದುಕೊಳ್ಳಿ. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳ ಹೆಸರು ಯಾವ ಪುಸ್ತಕದಲ್ಲಾದರೂ ಸಿಗುತ್ತವೆ. ಐವತ್ತು ವರ್ಷ ಸೂಜಿ ಹಿಡಿದ ಅಜ್ಜಿಯ ಮುಂದೆ ಕುಳಿತು "ಕಸೂತಿ ಬಗ್ಗೆ ಹೇಳ್ರಿ" ಎಂದರೆ ಆಕೆ, "ನಂಗೇನ್ ತಿಳೀತೈತ್ರಿ, ಯೂನಿವರ್ಸಿಟಿಯವ್ರನ್ನ ಕೇಳ್ರಿ" ಎಂದೇ ಹೇಳುತ್ತಾಳೆ. ತನ್ನ ಕೈಯಲ್ಲಿರುವುದು ವಿದ್ಯೆ ಎಂದು ಆಕೆಗೆ ಯಾರೂ ಹೇಳಿಲ್ಲ. ಹಾಗಾಗಿ ನಮ್ಮ ಹೊಗಳಿಕೆ ಆಕೆಗೆ ಮುಜುಗರ ತರುತ್ತದೆ. ಅದರ ಬದಲು ಹೀಗೆ ಕೇಳಿ ನೋಡಿ: ಮುರ್ಗಿಯಲ್ಲಿ ಗಂಟು ಹಾಕುವಂತಿಲ್ಲ, ಬಟ್ಟೆಯ ಎರಡೂ ಬದಿ ಒಂದೇ ತೆರನಾಗಿ ಕಾಣಬೇಕು, ಹೋಗುವಾಗ ಬಿಟ್ಟ ಜಾಗವನ್ನು ತಿರುಗಿ ಬರುವಾಗ ತುಂಬಬೇಕು, ಗೆರೆ ಎಳೆಯದೆ ಬರೀ ಎಳೆ ಎಣಿಸಿ ಹೊಲಿಯುವವರಿಗೆ ಗೋಪುರದ ಚಿತ್ತಾರದ ತುದಿ ಮುಟ್ಟಿದ ಮೇಲೆ ತಿರುಗಿ ಬರುವ ದಾರಿ ತಪ್ಪದೇ ಇರುವುದು ಹೇಗೆ? ನಾನು ಇದನ್ನು ಕೇಳಿದಾಗ ಆ ತಾಯಿ ಉತ್ತರ ಹೇಳಲಿಲ್ಲ, ಒಳಗೆ ಹೋಗಿ ಅರ್ಧ ಹೊಲಿದ ಕುಪ್ಪಸದ ಕಣ ತಂದು ತೊಡೆಯ ಮೇಲೆ ಹರವಿದರು. ಸಂದರ್ಶನಕ್ಕೆ ಒಪ್ಪುತ್ತೀರಾ ಎಂದು ಕೇಳುವ ಪ್ರಮೇಯವೇ ಬರಲಿಲ್ಲ. ಆದರೂ ಧ್ವನಿಮುದ್ರಣಕ್ಕೆ ಅನುಮತಿಯನ್ನು ಬೇರೆಯಾಗಿಯೇ ಕೇಳಿದೆ. ಕುಪ್ಪಸ ತೋರಿಸುವುದು ಬೇರೆ, ಯಂತ್ರದ ಮುಂದೆ ಮಾತನಾಡುವುದು ಬೇರೆ.

ಕಾಲವನ್ನೂ ನೋಡಬೇಕು. ಬ್ಯಾಡಗಿಯ ಮಾರುಕಟ್ಟೆಗೆ ಮೆಣಸಿನಕಾಯಿಯ ಚೀಲಗಳು ಬಂದು ಬೀಳುವ ಹಂಗಾಮಿನಲ್ಲಿ ದಲಾಲರನ್ನು ಅರ್ಧ ಗಂಟೆ ಕೂರಿಸಿಕೊಳ್ಳುತ್ತೇನೆ ಎನ್ನುವುದು ಅವಿವೇಕ. ಡಬ್ಬಿ, ಕಡ್ಡಿ ತಳಿಗಳ ಬಣ್ಣವನ್ನು ಪ್ರಯೋಗಾಲಯ ಅಂಕಿಯಲ್ಲಿ ಹೇಳುತ್ತದೆ, ಇವರು ಕಾಯಿಯನ್ನು ಅಂಗೈಯಲ್ಲಿ ಹಿಡಿದು ಹೇಳುತ್ತಾರೆ; ಆ ಎರಡರ ನಡುವೆ ಏನಿದೆ ಎಂದು ತಿಳಿಯಬೇಕಾದರೆ ಮಳೆಗಾಲದಲ್ಲಿ, ಅಂಗಡಿ ತಣ್ಣಗಿರುವಾಗ ಹೋಗಬೇಕು. ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳನ್ನು ಕೃಷಿಮೇಳದ ವಾರದಲ್ಲಿ ಕಾಡುವವರನ್ನೂ ನಾನು ನೋಡಿದ್ದೇನೆ, ಅವರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ವಿಜ್ಞಾನಿಗಳು, ವೈದ್ಯರು, ಪ್ರಾಧ್ಯಾಪಕರು ಹಿಂಜರಿಯುವುದಕ್ಕೆ ಕಾರಣ ಬೇರೆ. "ಕೆಲವು ಸಂದರ್ಭಗಳಲ್ಲಿ" ಎಂದು ಅವರು ಎಚ್ಚರದಿಂದ ಹೇಳಿದ ಮಾತು ಅಚ್ಚಾಗುವಾಗ "ಯಾವಾಗಲೂ" ಆಗಿಬಿಡುತ್ತದೆ, ಸಹೋದ್ಯೋಗಿಗಳ ಮುಂದೆ ಅವರು ತಲೆ ತಗ್ಗಿಸಬೇಕಾಗುತ್ತದೆ. ಒಮ್ಮೆ ಹಾಗೆ ಸುಟ್ಟುಕೊಂಡವರು ಮತ್ತೆ ಕೈ ಚಾಚುವುದಿಲ್ಲ. ಆದ್ದರಿಂದ ಅವರ ಹೇಳಿಕೆಗಳನ್ನು ಪ್ರಕಟಣೆಗೆ ಮೊದಲು ತೋರಿಸಿ ತಿದ್ದಿಸಿಕೊಳ್ಳುತ್ತೇನೆ ಎಂದು ಪತ್ರದಲ್ಲೇ ಬರೆಯಿರಿ. ಇಡೀ ಬರಹವನ್ನು ತೋರಿಸುವ ಮಾತು ಮಾತ್ರ ಕೊಡಬೇಡಿ. ನಿಮ್ಮ ತೀರ್ಮಾನಗಳು ನಿಮ್ಮವೇ ಆಗಿರಬೇಕು, ಈ ಗಡಿಯನ್ನು ಮೊದಲೇ ಹೇಳಿಬಿಟ್ಟರೆ ನಂತರ ಮನಸ್ತಾಪವಿಲ್ಲ. ಅರ್ಧ ಗಂಟೆ ಎಂದಿದ್ದರೆ ಅರ್ಧ ಗಂಟೆಗೆ ಏಳಿ. ಅವರೇ "ಕೂಡ್ರಿ" ಅಂದರೆ ಕೂಡಬಹುದು. ಸರಕಾರಿ ನೌಕರರಾಗಿದ್ದರೆ ಮೇಲಧಿಕಾರಿಯ ಅನುಮತಿ ಬೇಕಾದೀತು. ಆ ಓಡಾಟ ನಿಮ್ಮದು, ಅವರದಲ್ಲ.

ಪರಿಚಯಸ್ಥರ ಮೂಲಕ ಹೋಗುವುದು ನಮ್ಮಲ್ಲಿ ಸಹಜ, ಅದರಲ್ಲಿ ತಪ್ಪೇನೂ ಇಲ್ಲ. ಒಂದೇ ಎಚ್ಚರಿಕೆ: ಪರಿಚಯ ಮಾಡಿಸಿದವರ ದಾಕ್ಷಿಣ್ಯಕ್ಕೆ ಒಪ್ಪಿದವರು ಎದುರಿಗೆ ಕುಳಿತು ಚಹಾ ಕುಡಿಸುತ್ತಾರೆ, ಏನನ್ನೂ ಹೇಳುವುದಿಲ್ಲ. ನನ್ನ ಲೆಕ್ಕದಲ್ಲಿ ಅದು ಒಪ್ಪಿಗೆಯಲ್ಲ.

ನೇರವಾಗಿ ಇಲ್ಲ ಎಂದವರನ್ನು ಕಾರಣ ಕೇಳಿ ಪೀಡಿಸಬಾರದು. ಹಾಗಾದರೆ ಇದನ್ನು ಯಾರ ಹತ್ತಿರ ಕೇಳಲಿ ಎನ್ನುವುದಷ್ಟೇ ಸಾಕು. ಬ್ಯಾಡಗಿಯ ಒಬ್ಬ ಹಿರಿಯ ದಲಾಲರು ಮೂರು ಮಳೆಗಾಲದಿಂದ ನನಗೆ ಇಲ್ಲ ಎನ್ನುತ್ತಲೇ ಇದ್ದಾರೆ. ಪ್ರತಿ ಸಲವೂ ಒಂದು ಹೆಸರು ಹೇಳಿ, "ನನ್ನ ಹೆಸರ ಹೇಳ್ರಿ, ಮಾತಾಡ್ತಾರ" ಎನ್ನುತ್ತಾರೆ. ಆ ಮೂವರೂ ಮಾತಾಡಿದ್ದಾರೆ. ಈ ಮಳೆಗಾಲಕ್ಕೆ ಮತ್ತೆ ಅವರ ಅಂಗಡಿಗೆ ಹೋಗುವವನಿದ್ದೇನೆ.